ನಾಲ್ಕು ತಿಂಗಳ ಬಾಕಿ

ಜುಫೈರಿನ ಈ ಕೌಂಟರಿನಲ್ಲಿ ನನ್ನ ಹೆಸರು ವೈ.
ವೈಜಯಂತಿ ಇವರ ನಾಲಿಗೆಗೆ ಉದ್ದವಾಯಿತು,
ಮೊದಲ ಅಕ್ಷರವೇ ಸಾಕೆಂದರು.
ದಿನಕ್ಕೆ ನಲವತ್ತು ಸಲ ಯಾರೋ 'ವೈ' ಎನ್ನುತ್ತಾರೆ,
ನಾನು ತಲೆಯೆತ್ತುತ್ತೇನೆ.
ಅದು ಪ್ರಶ್ನೆಯಲ್ಲ. ಇಲ್ಲಿ ಯಾಕೆ ಎಂದು
ಯಾರೂ ಯಾರನ್ನೂ ಕೇಳುವುದಿಲ್ಲ,
ಯಾವಾಗಿನಿಂದ ಎಂದಷ್ಟೇ ಕೇಳುತ್ತೇವೆ.

ಲಾರ್ಕಿನ್ ಬಂದದ್ದು ಗುರುವಾರ, ಬಾಗಿಲು ಹಾಕುವ ಹೊತ್ತಿಗೆ.
ಹಡಗಿನ ಎಂಜಿನ್ ರಿಪೇರಿಯವನು, ಉಗುರಿನ ಸಂದಿಯಲ್ಲಿ ಗ್ರೀಸು.
ಕೋರ್ಟಿನ ಕಾಗದವನ್ನು ನಾಲ್ಕು ಮಡಿಕೆ ಮಾಡಿ
ಟೋಪಿಯೊಳಗೆ ಇಟ್ಟುಕೊಂಡಿದ್ದ.
ನಮ್ಮ ಕಡೆ ಇದಕ್ಕೆ ಸೋಡಚೀಟಿ ಅನ್ನುತ್ತಾರೆ,
ಅವನಿಗೆ ಹೇಳಲಿಲ್ಲ.
ತಾರೀಖು ನೋಡಿದೆ: ಫೆಬ್ರವರಿ ಒಂಬತ್ತು.
ಗೋಡೆಯ ಮೇಲೆ ಜೂನ್.

"ಇಷ್ಟು ದಿನ ಎಲ್ಲಿತ್ತು ಇದು?"
"ಟೋಪಿಯಲ್ಲಿ" ಅಂದ.

ನಿಯಮ ಹೇಳಿದೆ. ಹೇಳುವುದಕ್ಕೇ ನನಗೆ ಸಂಬಳ.
ಅವಲಂಬಿತರಿದ್ದವರ ಮನೆಬಾಡಿಗೆ ಬೇರೆ,
ಇಲ್ಲದವರದು ಬೇರೆ.
ಫೆಬ್ರವರಿ ಒಂಬತ್ತಕ್ಕೆ ನೀನು ಎರಡನೆಯ ಸಾಲಿಗೆ ಇಳಿದೆ,
ಆಮೇಲೆ ಬಂದದ್ದೆಲ್ಲ ಹೆಚ್ಚುವರಿ,
ಸಂಬಳದಲ್ಲಿ ಮುರಿದುಕೊಳ್ಳುತ್ತೇವೆ.
(ನನ್ನ ಕರಾರಿನಲ್ಲಿ ನಾನೂ ಎರಡನೆಯ ಸಾಲಿನವಳೇ.
ಕಾರಣ ಬೇರೆ. ಇನ್ನೊಮ್ಮೆ ಹೇಳುತ್ತೇನೆ.)

ಅವನು ಬೆರಳು ಮಡಚಿ ಎಣಿಸಿದ.
"ಅಂದರೆ, ನಾಲ್ಕು ತಿಂಗಳು
ಮದುವೆಯಾದವನ ಹಾಗೆ ಬದುಕಿದ್ದಕ್ಕೆ ದಂಡ."
ಹಾಗಲ್ಲ ಎನ್ನಲು ಬಾಯಿ ತೆರೆದೆ.
ಕಂಪ್ಯೂಟರು ಮೊತ್ತ ತೋರಿಸಿತು. ಹಾಗೆಯೇ ಇತ್ತು.

ಆಮೇಲೆ ಕೇಳಿದ, ದನಿ ತಗ್ಗಿಸಿ,
ಅಂಗಡಿಯಲ್ಲಿ ಉದ್ದರಿ ಕೇಳುವವರ ಹಾಗೆ:
"ಊಟದ ದುಡ್ಡು? ಅದೂ ಅರ್ಧವಾಗುತ್ತದೆಯೆ?"

ಇಲ್ಲ ಅಂದೆ. ಊಟದ ಭತ್ಯೆ ಹಾಗೇ ಇರುತ್ತದೆ,
ಒಂದು ಕಾಸೂ ಕಡಿಮೆಯಿಲ್ಲ.
ಅವನ ಭುಜ ಸ್ವಲ್ಪ ಇಳಿಯಿತು, ನಿರಾಳಕ್ಕೆ.
ಅಲ್ಲಿಗೆ ನಿಲ್ಲಿಸಬೇಕಿತ್ತು ನಾನು.
ಪೂರ್ತಿ ಹೇಳುವ ಚಟ.
ಅದು ಒಬ್ಬ ನಾವಿಕನ ಹೊಟ್ಟೆಯ ಲೆಕ್ಕ,
ಹೆಂಡತಿಯ ತುತ್ತು ಅದರಲ್ಲಿ ಮೊದಲೂ ಇರಲಿಲ್ಲ.

ಗಾಜಿನ ಆಚೆ ಬಹಳ ಹೊತ್ತು ಸುಮ್ಮನಿದ್ದ.
ಆರು ವರ್ಷ, ಅಂದ.
ಆರು ವರ್ಷ ಅವಳು ಏನು ತಿಂದಳು?

ಅದಕ್ಕೆ ನನ್ನ ಮೇಜಿನಲ್ಲಿ ಫಾರಂ ಇಲ್ಲ.
ಅರ್ಗಾದಲ್ಲಿ ನಮ್ಮ ಜಾಗ ನೌಕಾನೆಲೆಗೆ ಹೋದಾಗಲೂ
ಸರ್ವೆಯವರು ಬಾವಿಗೆ ಬೆಲೆ ಕಟ್ಟಿದರು,
ಹದಿನಾಲ್ಕು ತೆಂಗಿಗೆ ಕಟ್ಟಿದರು.
ಆಯಿ ಮೂರು ಸಲ ಒಲೆ ತೋರಿಸಿದಳು.
ಬರೆದುಕೊಳ್ಳಲಿಲ್ಲ. ಮಣ್ಣಿನದು, ಅಂದರು.

ಆರು ಕಂತಿನ ಬದಲು ಹನ್ನೆರಡು ಹಾಕಿದೆ.
ನನ್ನ ಕೈಯಲ್ಲಿದ್ದದ್ದು ಅಷ್ಟೇ.

ಮುಂದಿನ ವಾರ ಫ್ಲಾಟ್ ಖಾಲಿ ಮಾಡಿಸಲು ಹೋದೆ,
ಹನ್ನೊಂದನೆಯ ಮಹಡಿ, ಪಟ್ಟಿ ಹಿಡಿದು.
ಸೋಫಾ ಇದೆ, ಪರದೆ ಇದೆ,
ಮೂರು ಏಸಿಯಲ್ಲಿ ಒಂದು ಸೋರುತ್ತದೆ.
ಕಿಟಕಿಯಾಚೆ ಧೂಳು ಕವಿದು
ಸಮುದ್ರವೂ ಮರಳೂ ಒಂದೇ ಬಣ್ಣ.
ಅಡುಗೆಮನೆಯ ಕೆಳಗಿನ ಕಪಾಟಿನಲ್ಲಿ
ಅರ್ಧ ಚೀಲ ಅಕ್ಕಿ.
ಬಾಯಿಗೆ ಜಡೆಯ ರಬ್ಬರ್ ಬ್ಯಾಂಡು ಸುತ್ತಿತ್ತು,
ಅದರಲ್ಲಿ ಇನ್ನೂ ಸಿಕ್ಕಿಕೊಂಡ ಒಂದು ಕೆಂಚು ಕೂದಲು.

ಪಟ್ಟಿಯಲ್ಲಿ ಹುಡುಕಿದೆ. ಮನೆಮಾಲೀಕನದಲ್ಲ,
ನೌಕಾಪಡೆಯದೂ ಅಲ್ಲ.
"ನಿನ್ನದೇ?" ಅಂದೆ.
"ನಾನು ಅನ್ನ ತಿನ್ನುವವನಲ್ಲ" ಅಂದ,
ಬೀಗದ ಕೈ ನನ್ನ ಅಂಗೈಗೆ ಹಾಕಿ ಲಿಫ್ಟಿನ ಗುಂಡಿ ಒತ್ತಿದ.

ಎಸೆಯಲು ಮನಸ್ಸು ಬರಲಿಲ್ಲ. ಅಕ್ಕಿ, ನೋಡಿ.
ಗುದೈಬಿಯಾದ ನನ್ನ ಕೋಣೆಗೆ ಹೊತ್ತುಕೊಂಡು ಬಂದೆ.
ರಾತ್ರಿ ಒಂದು ಪಾವು ತೊಳೆದೆ.
ಉದ್ದನೆಯ ಬಿಳಿ ಕಾಳು, ನಮ್ಮ ಕುಚ್ಚಲಕ್ಕಿಯ ಹಾಗಲ್ಲ.
ನೀರು ಎಷ್ಟು ಹಿಡಿಯುತ್ತದೋ
ಅವಳನ್ನೇ ಕೇಳಬೇಕಿತ್ತು.