ದಮ್ ಹಿಡೀರಿ

ಮೊದಲ ವಾರವೇ ಆದದ್ದು ಇದು:
ಎಕ್ಸ್‌ರೇ ಕೋಣೆಯ ತಣ್ಣನೆ ಫಲಕಕ್ಕೆ
ಎದೆ ಒತ್ತಿ ನಿಂತಿದ್ದ ಅರಕಲಗೂಡಿನ ಮುದುಕ.
ಗಾಜಿನ ಹಿಂದಿನಿಂದ ಕೂಗಿದೆ ನಾನು
ನಮ್ಮಲ್ಲಿ ಕೂಗುವ ಹಾಗೆಯೇ, 'ದಮ್ ಹಿಡೀರಿ!'
ಆತ ಸರಕ್ಕನೆ ಹೊರಳಿ
'ಇಲ್ಲ ಸಾ, ಬೀಡಿ ಬುಟ್ಟು ಮೂರೊರ್ಸ ಆಯ್ತು,
ನಮ್ಮವ್ವನಾಣೆ' ಎಂದ.
ಫಿಲ್ಮಿನಲ್ಲಿ ಎದೆಯ ಬದಲು
ಒಂದು ಭುಜ ಬಂತು, ಅದೂ ನಡುಗಿದ್ದು.

ಕನ್ನಡದಿಂದ ಕನ್ನಡಕ್ಕೆ ವರ್ಗವಾಗಿ ಬಂದವನು.
ಚಿಂಚೋಳಿಯಿಂದ ಹಾಸನಕ್ಕೆ, ಸರ್ಕಾರಿ ಆದೇಶ, ಒಂದೇ ಹಾಳೆ.
ಭಾಷೆ ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ.

ಸಂತೇಪೇಟೆಯಲ್ಲಿ 'ಬಟಾಟಿ ಹೆಂಗ್ರಿ?' ಅಂದರೆ
ಗುಡ್ಡದಷ್ಟು ಆಲೂಗೆಡ್ಡೆಯ ಹಿಂದೆ ಕೂತವಳು
ಪಕ್ಕದಂಗಡಿಗೆ ಕೈ ತೋರಿಸುತ್ತಾಳೆ.
ತುಟ್ಟಿ ಆಯ್ತು ಅಂದರೆ
ಸೆರಗಿನಿಂದ ತನ್ನ ತುಟಿ ಒರೆಸಿಕೊಳ್ಳುತ್ತಾಳೆ.

ಮೆಸ್ಸಿನ ನಿಂಗರಾಜು ತಟ್ಟೆಯ ಮುಂದೆಯೇ ನಿಂತು ನೋಡುತ್ತಾನೆ,
ಮುದ್ದೆ ಅಗಿಯುವ ಮನುಷ್ಯನನ್ನು
ಹುಟ್ಟಾ ಕಾಣದವನಂತೆ. 'ನುಂಗಿ ಸಾ, ನುಂಗಿ.'
ಮೂವತ್ತು ವರ್ಷ ಕಟಿರೊಟ್ಟಿ ಕಡಿದ ಹಲ್ಲುಗಳು
ಕೆಲಸವಿಲ್ಲದೆ ಬಾಯಲ್ಲಿ ಕೂತಿವೆ
ಚುನಾವಣೆ ಮುಗಿದ ಮರುದಿನದ ಗುಮಾಸ್ತರ ಹಾಗೆ.

'ನೋಡಾನ ಬುಡಿ' ಅಂದರೆ ಇಲ್ಲ ಎಂದರ್ಥ.
ಇಷ್ಟು ತಿಳಿಯಲು ಎಂಟು ತಿಂಗಳು,
ಬಾರದೇ ಹೋದ ಒಂದು ಹಳೇ ಸೈಕಲ್ಲು,
ಮುಂಗಡ ಕೊಟ್ಟ ಐನೂರು ರೂಪಾಯಿ ಹಿಡಿಯಿತು.
ನಮ್ಮಲ್ಲಿ ಇಲ್ಲವನ್ನು ಇಲ್ಲ ಎಂದೇ
ಓಣಿಗೆಲ್ಲ ಕೇಳುವ ಹಾಗೆ ಹೇಳುತ್ತೇವೆ.
ಇಲ್ಲಿ ಅದಕ್ಕೆ ಮಫ್ಲರ್ ಸುತ್ತಿ ಕಳಿಸುತ್ತಾರೆ.

ಮಾರ್ಚಿ ಬಂದರೆ ಕೇಸ್‌ಶೀಟಿನ ಗುಮಾಸ್ತ ಕರವಸ್ತ್ರ ಬೀಸಿಕೊಂಡು
'ಅಬ್ಬಬ್ಬಾ, ಏನ್ ಬಿಸ್ಲು ಸಾ' ಎನ್ನುತ್ತಾನೆ.
ನಾನು ಸ್ವೆಟರಿನ ಗುಂಡಿ ಬಿಚ್ಚಲೋ ಬೇಡವೋ
ಯೋಚಿಸುತ್ತಿರುತ್ತೇನೆ.
ಊರಲ್ಲಿ ಈಗ ಮಂಚದ ಕಬ್ಬಿಣ ಮುಟ್ಟಲಾಗದು,
ಅಪ್ಪ ನೆಲಕ್ಕೆ ನೀರು ಚಿಮುಕಿಸಿ ಗೋಣಿತಾಟಿನ ಮೇಲೆ ಮಲಗಿರುತ್ತಾನೆ.
ಹೇಳಿದರೆ ಬಡಾಯಿ ಅಂದುಕೊಂಡಾರು.
ಹೇಳುವುದಿಲ್ಲ.

ಊರದೇವಿಯ ಬಾಗಿಲು ವರ್ಷಕ್ಕೊಮ್ಮೆ ತೆರೆಯುತ್ತದೆ.
ನನ್ನದು, ಓನರ್ ರಂಗಲಕ್ಷ್ಮಮ್ಮನ ಕೈಲಿ, ದಿನಕ್ಕೆ ಹತ್ತು ಸಲ:
ತಿಂಡಿ ಆಯ್ತಾ? ಮೋಟ್ರು ಆಫ್ ಮಾಡುದ್ರಾ?
ಯಾರ ಜೊತೆ ಫೋನಲ್ಲಿ ಅಷ್ಟು ಜಗಳ?
ಜಗಳ ಅಲ್ಲರೀ, ತಂಗಿ.
ನಮ್ಮ ಅಕ್ಕರೆಯ ದನಿಯೇ ಅಷ್ಟೆತ್ತರ.
ನಂಬಲಿಲ್ಲ. ಸಂಜೆ ಒಂದು ಬೋಸಿ ನೆನೆಸಿದ ಅವರೆಕಾಳು ತಂದಿಟ್ಟು
'ಹಿತುಕ್ತಾ ಕೂತ್ಕಳಿ, ಮನಸ್ಸು ತಿಳಿ ಆಯ್ತದೆ' ಅಂದಳು.
ಬೆರಳ ಸಂದಿಯಿಂದ ಕಾಳು ಚಿಮ್ಮಿ
ಗೋಡೆಯ ಕ್ಯಾಲೆಂಡರಿಗೆ ಬಡಿಯಿತು, ಡಿಸೆಂಬರಿಗೇ.
ಆಚೆ ಮನೆ ಈಚೆ ಮನೆ, ಎಲ್ಲೆಲ್ಲೂ ಅದೇ ಟಪ್ ಟಪ್.
ಮರುದಿನ ಸೀಸದ ಏಪ್ರನ್ನಿಗೂ ಸೊಗಡಿನ ವಾಸನೆ.
ಮನಸ್ಸು ತಿಳಿಯಾಯಿತೋ ಗೊತ್ತಿಲ್ಲ,
ಸಾರು ಚಲೋ ಇತ್ತು.

ಐದನೆಯ ಮಾಗಿ. ರಾತ್ರಿ ಎರಡು ಗಂಟೆ.
ಶಾಂತಿಗ್ರಾಮದ ಹತ್ತಿರ ತೊಗರಿಬೇಳೆಯ ಲಾರಿ ಮಗುಚಿ
ತಂದು ಮಲಗಿಸಿದರು ಒಬ್ಬನನ್ನು.
ಹೆಸರು ಮಲಕಪ್ಪ. ಕೂದಲ ತುಂಬ ಬೇಳೆ.
ನಿದ್ದೆಗಣ್ಣಿನಲ್ಲಿ ಎಂದಿನಂತೆ ನಾನು,
'ಉಸ್ರು ಒಳಕ್ಕೆಳ್ಕಂಡು ವಸಿ ಅಂಗೇ ಇಟ್ಕಳಿ.'
ಅವನು ಮಿಕಿಮಿಕಿ ನೋಡಿದ.
'ತಿಳೀಲಿಲ್ರೀ ಸಾಹೇಬ್ರ. ನಾ ಸೇಡಂ ಕಡಿಯಾಂವ.'

ಸೇಡಂ. ನಮ್ಮೂರಿಗೆ ಒಂದು ಬಸ್ಸಿನ ದೂರ.
ಗಂಟಲಲ್ಲಿ ಹುಡುಕಿದೆ,
ತುಸು ಹೊತ್ತು ಬೇಕಾಯಿತು.
'ದಮ್ ಹಿಡಿಯೋ ತಮ್ಮಾ.'
ಹಿಡಿದ. ಒಂದಿಷ್ಟೂ ಅಲುಗಲಿಲ್ಲ.
ಏಳನೆಯ ಪಕ್ಕೆಲುಬಿನಲ್ಲಿ ಎಳೆಯಷ್ಟು ಬಿರುಕು, ಸ್ಪಷ್ಟ.

'ಚಾ ಸಿಗ್ತದೇನ್ರಿ?' ಅಂದ.
ಗೇಟಿನಾಚೆ ಫ್ಲಾಸ್ಕಿನವನ ಬಳಿ
ಆ ಹೊತ್ತಿಗೆ ಕಾಫಿಯಷ್ಟೇ.
ಎರಡು ಕಪ್ಪು ತಂದೆ.
ಒಂದು ಗುಟುಕಿಗೇ ಮುಖ ಕಿವಿಚಿ
'ಭಾಳ ಕಹಿ ಅದರಿ ಇದು' ಅಂದ.
ನನ್ನ ಕಪ್ಪು ನೋಡಿಕೊಂಡೆ.
ಖಾಲಿಯಾಗಿತ್ತು.