ಐದೂವರೆ ಗಂಟೆ

ಚಾಮರಾಜಪೇಟೆ, ಮೂರನೇ ಮಹಡಿ.
ಕೆಳಗೆ ಊದುಬತ್ತಿಯ ಗೋದಾಮು,
ಮೇಲೆ ನಾನು, ಆರಿದ ಕಾಫಿ, ಮತ್ತೆ
ಕೈಗೆ ಸಿಗದ ಇನ್ನೊಂದು ಗೋದಾಮು.
ಅದು ಮೋಡದಲ್ಲಿದೆಯಂತೆ. ಅಲ್ಲಿಂದ ಇಳಿಯುವುದು
ಬಿಲ್ಲು ಮಾತ್ರ, ತಿಂಗಳಿಗೊಮ್ಮೆ.

ಕೆಲಸ ಇಷ್ಟೇ:
ರಾತ್ರಿ ಎರಡಕ್ಕೆ ಶೆಡ್ಯೂಲರ್ ಎದ್ದು
ಆ ಬಾಗಿಲು ತಟ್ಟಬೇಕು,
ನಿನ್ನೆಯ ಕನಕಾಂಬರ, ಸೇವಂತಿಗೆ, ಸುಗಂಧರಾಜ
ಎಷ್ಟು ಬಂತು ಎಷ್ಟು ಹೋಯ್ತು ಎಷ್ಟು ಬಾಡಿತು
ಕೂಡಿ ಕಳೆದು
ನಾಲ್ಕರೊಳಗೆ ಕೆ.ಆರ್. ಮಾರ್ಕೆಟ್ಟಿನ
ಮುನಿಯಲ್ಲಪ್ಪನವರ ಫೋನಿಗೆ ಹಾಕಬೇಕು.

ಖಾತೆ ಕೊಟ್ಟೆ. ಕೀಲಿ ಕೊಟ್ಟೆ.
ಕೀಲಿಯೆಂದರೆ ಇಪ್ಪತ್ತೆಂಟು ಸಾಲು ಅರ್ಥವಿಲ್ಲದ ಅಕ್ಷರ;
ಅಂಟಿಸುವಾಗ ಒಂದು ಸಾಲು ಮುರಿದಿತ್ತು,
ಬಾಗಿಲು ಮಿಸುಕಲಿಲ್ಲ.
ಜೋಡಿಸಿದೆ. ಹಸಿರು ದೀಪ.
ಒಳಗೆ ಕಾಲಿಟ್ಟರೆ
ಅಂಥ ಟೇಬಲ್ಲೇ ಇಲ್ಲ ಅನ್ನುತ್ತದೆ, ಇಲ್ಲವೇ
ಇದ್ದರೂ ನೋಡುವ ಹಕ್ಕು ನಿನಗಿಲ್ಲ ಅನ್ನುತ್ತದೆ;
ಎರಡರಲ್ಲಿ ಯಾವುದೆಂದು ಬಾಯಿ ಬಿಡುವುದಿಲ್ಲ.
ದೇವರು ವರ ಕೊಟ್ಟಾಗಿತ್ತು. ಪೂಜಾರಿ
ಹೈದರಾಬಾದಿನಲ್ಲಿ ಮಲಗಿದ್ದ.

ಮರುದಿನ ಹಕ್ಕು ಬಂತು.
ಎರಡು ಗಂಟೆ ಎಂದು ಬರೆದು ಮನೆಗೆ ಹೋಗಿ
ಮಲಗಿದೆ, ಕೆಲಸ ಮುಗಿಸಿದವಳ ನಿದ್ದೆ.

ಏಳೂಮುಕ್ಕಾಲಿಗೆ ಫೋನು.
"ಲೆಕ್ಕ ಈಗ್ ಬಂತು ತಾಯಿ. ಚೆನ್ನಾಗೈತೆ.
ಹೂವ ಹೋಗ್ಬುಡ್ತು."
ಬೈಯಲಿಲ್ಲ. ಅದೇ ಹೆಚ್ಚು ಚುಚ್ಚಿತು.

ತೆರೆದು ನೋಡಿದೆ. ಶೆಡ್ಯೂಲರ್ ಮಾತಿಗೆ ತಪ್ಪಿಲ್ಲ.
ಎರಡಕ್ಕೇ ಎದ್ದಿದೆ, ತಟ್ಟಿದೆ,
ಖರ್ಚುಳಿಸಲು ತೂಕಡಿಸುತ್ತಿದ್ದ ಗೋದಾಮು
ಕಣ್ಣುಜ್ಜಿ ಎದ್ದು ಎಲ್ಲ ಎಣಿಸಿ ಕೊಟ್ಟು
ಮತ್ತೆ ಮಗ್ಗುಲಾಗಿದೆ.
ಆದರೆ ಅದರ ಎರಡು ಗಂಟೆ
ಗ್ರೀನಿಚ್ಚಿನ ಎರಡು ಗಂಟೆ.
ಅಷ್ಟರಲ್ಲಿ ಇಲ್ಲಿ ಚೆಂಡುಹೂವಿನ ಮೂಟೆ ಬಿಚ್ಚಿ,
ಕೂಗಿ, ಮಾರಿ, ನೆಲ ಗುಡಿಸಿ ಆಗಿತ್ತು.

ಐದೂವರೆ ಗಂಟೆಯೆಂದರೆ
ಕಟ್ಟಿದ ಮಲ್ಲಿಗೆಯಲ್ಲಿ ಎಷ್ಟು ಮೊಳ?

ಈಗ ಬರೆದಿರುವುದು ಇಪ್ಪತ್ತು ಗಂಟೆ ಮೂವತ್ತು ನಿಮಿಷ,
ಅದೂ ಹಿಂದಿನ ದಿನದ್ದು. ಪಕ್ಕದಲ್ಲಿ
ನನ್ನ ನಂತರ ಬರುವವರಿಗೆ ಒಂದು ಸಾಲು:
ಇದು ಹೂವಿನ ಟೈಮು, ಮುಟ್ಟಬೇಡಿ.

ನಂಬಿಕೆ ಸಾಲದೆ ನಾಲ್ಕಕ್ಕೆ ಮಾರ್ಕೆಟ್ಟಿಗೇ ಹೋದೆ.
ಲೆಕ್ಕ ಬಂದಿತ್ತು. ಮುನಿಯಲ್ಲಪ್ಪ
ಫೋನು ನೋಡಿ, ತಲೆಯಾಡಿಸಿ, ಜೇಬಿಗಿಟ್ಟು
ಮೂಟೆಯೊಳಗೆ ಮೊಣಕೈವರೆಗೂ ಕೈ ಇಳಿಸಿದರು,
ತಳದ ಹೂವು ಬಿಸಿಯೋ ತಣ್ಣಗೋ ಎಂದು.
ಸ್ವಲ್ಪ ಹೊತ್ತು ಹಾಗೇ ಇದ್ದು
"ಹತ್ತು ರೂಪಾಯ್ ಇಳಿಸ್ಲಾ" ಅಂದರು
ಯಾರಿಗೋ, ನನಗಲ್ಲ.