ಬೆರಳಿನ ಹಿಂದೆ

ರಾತ್ರಿ ಯಾರನ್ನೂ ಕೇಳದೆ ಅಪ್‌ಡೇಟ್ ಆಗಿದೆ.
ಬೆಳಿಗ್ಗೆ ಸುಲ್ತಾನ್‌ಪೇಟೆಯ ಅಂಗಡಿಯಲ್ಲಿ
ಕೈ ಮುಂದೆ, ಬಾಣ ಹಿಂದೆ.
ಮದುವೆಮನೆಯಲ್ಲಿ ಮುನಿದ ಬೀಗರ ಥರ
ಕರೆದ ಎಷ್ಟೋ ಹೊತ್ತಿಗೆ ಎದ್ದು ಬರುತ್ತದೆ.

ಬ್ಯಾಟರಿ ಬದಲಿಸಿದೆ. ಮೌಸಿನ ಹೊಟ್ಟೆ ಮೇಲು ಮಾಡಿ
ಕೆಂಪು ಕಣ್ಣಿಗೆ ಉಫ್ ಅಂದೆ.
ಹಿಂದಿನ ಕಿಂಡಿಯಿಂದ ಮುಂದಿನ ಕಿಂಡಿಗೆ ಸಿಕ್ಕಿಸಿದೆ.
ಕೆಳಗೆ ಹಳೇ ಲಗ್ನಪತ್ರಿಕೆ ಹಾಸಿ
ಯಾರದೋ ಚಿ. ಸೌ. ಮೇಲೆ, ಯಾರದೋ ಮುಹೂರ್ತದ ಮೇಲೆ
ಉಜ್ಜಿ ಉಜ್ಜಿ ನೋಡಿದೆ.

ಎದುರಿನ ಸ್ಟೂಲಿನಲ್ಲಿ ಪುಟ್ಟಲಿಂಗಯ್ಯ,
ಶಿವಗಣಾರಾಧನೆಯ ಕಾರ್ಡಿಗೆ ಬಂದವರು.
ಬಾಣ ತೆವಳುವುದನ್ನೇ ನೋಡುತ್ತಾ ನೋಡುತ್ತಾ
ಪರದೆಗೆ ಬಾಗಿದರು:
"ದಾಕ್ಷಾಯಣಮ್ಮ. ಣ. ನೀವು ನ ಹಾಕಿದೀರಿ.
ರೇಷನ್ ಕಾರ್ಡಲ್ಲೂ ಹಂಗೇ ಇತ್ತು,
ತಿದ್ದಿಸ್ತೀನಿ ತಿದ್ದಿಸ್ತೀನಿ ಅಂತ
ನಲವತ್ತು ವರ್ಷ."

ನ-ದ ಪಕ್ಕಕ್ಕೆ ಹೋಗಲು ಬಾಣಕ್ಕೆ
ಒಂದು ಕಾಫಿಯಷ್ಟು ಹೊತ್ತು.

ಕೊನೆಗೆ ಹೊಸ ಡ್ರೈವರ್ ಕಿತ್ತು, ಹಳೆಯದನ್ನೇ ಕೂರಿಸಿ
ಆಫ್ ಮಾಡಿ ಆನ್ ಮಾಡಿದೆ.
ಈಗ ಬೆರಳಿನ ಬೆನ್ನಿಗೇ ಬಾಣ, ಸರ್ರನೆ.
ಪ್ರಿಂಟ್ ಒತ್ತಬೇಕು, ಅವರು
ಸ್ಟೂಲು ಇನ್ನಷ್ಟು ಹತ್ತಿರ ಎಳೆದುಕೊಂಡರು:
"ಇನ್ನೊಂದ್ಸಲ ಓದ್ರಮ್ಮಾ.
ನಿಧಾನಕ್ಕೆ."